ಎಳ್ಳಿನಷ್ಟು ಚುಕ್ಕೆ

ಅಮ್ಮಾ,

ನಿನಗಲ್ಲದೆ ಇದನ್ನು ಯಾರಿಗೆ ಹೇಳಲಿ? ಇವತ್ತು ನನ್ನ ಕೈಯಲ್ಲಿ ಒಂದು ಕಣ್ಣು ಕೆಟ್ಟಿತು.

ಮಗಳ ಗೊಂಬೆಗೆ ಅಳಿಸಿಹೋದ ಕಣ್ಣು ಬರೆಯುತ್ತ ಕೂತಿದ್ದಾಗ, "ಗೊಂಬೆ ಕಣ್ಣು ಹೊಟ್ಟೆ ತುಂಬಿಸುತ್ತದೇನೇ?" ಎಂದು ನಕ್ಕಿದ್ದೆಯಲ್ಲ. ತುಂಬಿಸುತ್ತಿದೆ. ಕಣ್ಣು ಕಳೆದುಕೊಂಡವರಿಗೆ ಈಗ ಕೃತಕ ಕಣ್ಣು ಮಾಡಿಕೊಡುತ್ತೇನೆ. ಅವರನ್ನು ಎದುರಿಗೇ ಕೂರಿಸಿಕೊಂಡು, ಉಳಿದ ಕಣ್ಣನ್ನು ನೋಡಿ ನೋಡಿ ಬಣ್ಣ ಹಚ್ಚಬೇಕು. ನೆನಪಿನಿಂದ ಒಂದು ಗೆರೆಯನ್ನೂ ಎಳೆಯಬಾರದು.

ಬೆಳಿಗ್ಗೆ ಬಂದ ಬಡಗಿಯ ಉಳಿದ ಕಣ್ಣು ಅಚ್ಚ ಕಪ್ಪು. ಬರೆದು ಮುಗಿಸಿ ನೋಡಿದರೆ, ಪಾಪೆಯ ಪಕ್ಕದಲ್ಲಿ ಎಳ್ಳಿನಷ್ಟು ಜೇನುಬಣ್ಣದ ಚುಕ್ಕೆ, ನಿನ್ನ ಕಣ್ಣಲ್ಲಿದ್ದಂಥದೇ. ಒರೆಸಿ ಮತ್ತೆ ಬರೆದೆ. ಚುಕ್ಕೆ ಅಲ್ಲೇ ಇತ್ತು. ಆ ಬಣ್ಣವನ್ನು ನಾನು ಇವತ್ತು ತಟ್ಟೆಗೆ ಹಾಕಿಕೊಂಡೇ ಇರಲಿಲ್ಲ.

"ಏನಕ್ಕಾ, ಯಾರದ್ದೋ ಕಣ್ಣು ನನಗೆ ಹಾಕ್ತೀರಾ?" ಎಂದು ಆತ ನಕ್ಕ. ನಾಳೆ ಬನ್ನಿ ಎಂದು ಕಳಿಸಿಬಿಟ್ಟೆ.

ಶಾಲೆ ಮುಗಿಸಿ ಬಂದ ಮಗಳು ಮೇಜಿನ ಮುಂದೆ ನಿಂತೇಬಿಟ್ಟಳು. "ಅಮ್ಮಾ, ಅಜ್ಜಿ ನನ್ನೇ ನೋಡ್ತಿದ್ದಾಳೆ. ಮುಚ್ಚು ಅದನ್ನ."

ಬಟ್ಟೆ ಹೊದಿಸಿದೆ. ಜಾರಿತು. ಮತ್ತೆ ಹೊದಿಸಿದೆ.

ಈ ಕೆಲಸ ಕಲಿಯಲು ನಾನು ಊರು ಬಿಟ್ಟು ಹೋಗಿದ್ದ ಆ ವಾರ, ನನ್ನ ಮಗುವನ್ನು ಮಲಗಿಸಿ, ಬಾಗಿಲ ಕಡೆ ನೋಡುತ್ತಲೇ ಹೋಗಿಬಿಟ್ಟೆಯಂತೆ. ನಿನ್ನ ರೆಪ್ಪೆ ಇಳಿಸಿದ್ದು ಪಕ್ಕದ ಮನೆಯಾಕೆಯಂತೆ.

ಇದನ್ನು ಬರೆಯುತ್ತಿರುವಾಗಲೇ ಬಟ್ಟೆ ಮತ್ತೆ ಜಾರಿದೆ. ಈ ಸಲ ರೆಪ್ಪೆ ಇಳಿಸಲು ನಾನೇ ಬೆರಳು ಚಾಚಿದೆ, ಅಮ್ಮಾ.

ನಾನು ಮಾಡುವ ಕಣ್ಣಿಗೆ ರೆಪ್ಪೆ ಇರುವುದಿಲ್ಲ.