ಚಪ್ಪಾಳೆ ಬಿದ್ದ ಮಾತು

ಮಾರ್ಚ್ ೧೨, ಭಾನುವಾರ

ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯಾ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನೀನು ಎಡಗೈಯಲ್ಲಿ ಅಷ್ಟು ಕಷ್ಟಪಟ್ಟು ಬರೆದಿದ್ದೆ. ಎರಡೂ ಕೈ ನೆಟ್ಟಗಿರುವ ನಾನು ಇವತ್ತು ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಕೋ, ಆದರೆ ಪೂರ್ತಿ ಓದು.

ನಮ್ಮ ಆಸ್ಪತ್ರೆಯ ಲಾಂಡ್ರಿ ಹಾಗೇ ಇದೆ, ಅದೇ ಹಬೆ, ಅದೇ ಸೋಪಿನ ವಾಸನೆ. ನೀನೂ ನಾನೂ ಒಂಬತ್ತು ವರ್ಷ ಎದುರುಬದುರು ನಿಂತು ಬೆಡ್‌ಶೀಟ್ ಇಸ್ತ್ರಿ ಮಾಡಿದ ರೋಲರ್ ಯಂತ್ರಕ್ಕೆ ಈಗ ತಂತಿಯ ಬಲೆ ಹಾಕಿದ್ದಾರೆ. ನಿನ್ನ ಬಲಗೈ ಸಿಕ್ಕಿಕೊಂಡ ಮೇಲೆ ಬಂದ ಬುದ್ಧಿ.

ಕಳೆದ ತಿಂಗಳು ಮೇಲ್ವಿಚಾರಕರು ಕರೆದು, "ಹೊಸಬರು ಹನ್ನೆರಡು ಜನ ಬಂದಿದ್ದಾರೆ. ನೀವು ಕಣ್ಣಾರೆ ನೋಡಿದವರು, ಎಚ್ಚರಿಕೆಯ ನಾಲ್ಕು ಮಾತು ಹೇಳಿ" ಅಂದರು. ನಾನೋ, ಬಸ್ಸಿನಲ್ಲಿ 'ಇಳಿಯೋರಿದ್ದಾರೆ' ಎಂದು ಕೂಗಲಾರದೆ ಮುಂದಿನ ಸ್ಟಾಪಿನವರೆಗೆ ಹೋಗಿ ನಡೆದು ಬರುವವಳು. ಗೋಡೆಗೆ ಒರಗಿ ಶುರು ಮಾಡಿದೆ. ಆಮೇಲೆ ಏನಾಯಿತೋ, ಮಾತು ತಾನಾಗಿ ಬಂತು. ಒಬ್ಬಳು ಕಣ್ಣೊರೆಸಿಕೊಂಡಳು. ಕೊನೆಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆ ಸದ್ದು ಎರಡು ದಿನ ನನ್ನ ಕಿವಿಯಲ್ಲೇ ಇತ್ತು.

ಈಗ ಬೇರೆ ಆಸ್ಪತ್ರೆಗಳಿಗೂ ಹೋಗಿ ಮಾತಾಡಬೇಕಂತೆ. ಒಪ್ಪಿದರೆ ಯಂತ್ರದ ಮುಂದೆ ನಿಲ್ಲುವ ಕೆಲಸವೇ ಇಲ್ಲ. ನಾನು ಮೀನಮೇಷ ಎಣಿಸುವುದನ್ನು ಕಂಡು ಮನೆಯವರು, "ಮೊಣಕಾಲು ನೋವು ಅಂತ ದಿನಾ ಗೋಳಾಡ್ತೀಯ. ಬಾಯಿ ಕೆಲಸ ಬಂದ್ರೆ ಬೇಡ ಅಂತೀಯಲ್ಲ" ಎಂದು ರೇಗಿದರು. ಸಭಾಕಂಪನ ಇರಬೇಕೆಂದು ಮಗಳು ಕನ್ನಡಿ ಮುಂದೆ ಅಭ್ಯಾಸ ಮಾಡಲು ಹೇಳಿಕೊಟ್ಟಳು. ನಾನೂ ಹೌದೆಂದು ತಲೆಯಾಡಿಸಿದೆ. ಹೆದರಿಕೆ ಎಂದುಕೊಳ್ಳಲಿ, ಅದರಲ್ಲಿ ಮರ್ಯಾದೆಯಾದರೂ ಉಳಿಯುತ್ತದೆ. ಕನ್ನಡಿ ಮುಂದೆ ನಿಂತೂ ನೋಡಿದೆ ಗುಬ್ಬಿ. ಮಾತು ಚೆನ್ನಾಗಿಯೇ ಬಂತು. ಮುಖ ನೋಡಿಕೊಳ್ಳಲಾಗಲಿಲ್ಲ.

ಶುಕ್ರವಾರ ಮೇಲ್ವಿಚಾರಕರಿಗೆ ಒಲ್ಲೆ ಎಂದು ಹೇಳಿಬಿಟ್ಟೆ.

ನಿನ್ನ ಅಮ್ಮನ ಕೆಮ್ಮು ಕಡಿಮೆಯಾಯಿತೇ? ಆ ಕೈಯನ್ನು ತಣ್ಣೀರಿಗೆ ಒಡ್ಡಬೇಡ. ಎಲ್ಲಿದ್ದರೂ ನಗುನಗುತ್ತಾ ಇರು, ನೂರು ಕಾಲ ಬಾಳು.

ನಿನ್ನ
ಅಕ್ಕ

ಇದು ಮರೆತ ಮಾತಲ್ಲ, ಮೇಲೆ ಬರೆಯಲಾಗದೆ ಇಲ್ಲಿಗೆ ಇಳಿಸಿದ್ದು: ನಿನ್ನ ಕೈ ಸಿಕ್ಕಿಕೊಂಡಾಗ ನಾನೇ ಓಡಿಹೋಗಿ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದೆ ಎಂದು ಅವತ್ತು ಆ ಹೊಸಬರಿಗೆ ಹೇಳಿದೆ. ಚಪ್ಪಾಳೆ ಬಿದ್ದದ್ದು ಅದಕ್ಕೇ. ಒತ್ತಿದ್ದು ನೀನು, ಎಡಗೈ ಚಾಚಿ. ಗುಂಡಿ ನನಗೇ ಹತ್ತಿರವಿತ್ತು. ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ.

ನಿನ್ನೆ ಊಟದ ಹೊತ್ತಿನಲ್ಲಿ ಆ ಹನ್ನೆರಡು ಜನರಿಗೂ ನಿಜ ಹೇಳಿದೆ. ಅವತ್ತು ಕಣ್ಣೊರೆಸಿಕೊಂಡಿದ್ದವಳು ಊಟದ ಡಬ್ಬಿ ಮುಚ್ಚಿ, "ನೀವು ಹಾಗೆ ಹೇಳಿದ್ದು ಕೈ ಸಿಕ್ಕಿಕೊಂಡವರಿಗೆ ಗೊತ್ತಾ?" ಎಂದು ಕೇಳಿದಳು.

"ಇನ್ನೂ ಇಲ್ಲ. ನಾಳೆ ಬರೀತೀನಿ" ಅಂದೆ.