ಸ್ಪ್ಯಾನಿಶ್ ಕ್ಯಾಂಪಿಗೆ ಮನೆ ನೋಡಿದ್ದು

೭ ಏಪ್ರಿಲ್ ೨೦೨೫, ಸೋಮವಾರ. ಬೈಲಹೊಂಗಲ

ಬೆಳಗಿನಿಂದ ಫೋನೇ ಫೋನು. ರಾಮದುರ್ಗದ ಕಾಡಪ್ಪನವರಿಗೆ ಸೊಸೆ ಬೆಳ್ಳಗಿರಬೇಕಂತೆ. ಮಗನ ಫೋಟೋ ನನ್ನ ಹತ್ತಿರವೇ ಇದೆ... ಏನೂ ಅನ್ನಲಿಲ್ಲ. ಕಿತ್ತೂರಿನ ಹುಡುಗಿಯ ಬಯೋಡಾಟಾ ಕಳಿಸಿದೆ, ಬಣ್ಣದ ಸಾಲು ಖಾಲಿ ಬಿಟ್ಟು. ಎದುರಾಬದುರು ಕೂತ ಮೇಲೆ ಬಾಯಿ ಹೇಗೂ ನನ್ನದೇ. ಹುಡುಗಿ ನಾಚಿದರೆ ಅವಳ ಉತ್ತರ ನಾನು ಹೇಳುತ್ತೇನೆ, ಹುಡುಗ ತಡವರಿಸಿದರೆ ಅವನದೂ ನಾನೇ. ಲಗ್ನಪತ್ರಿಕೆ ಹಂಚಿಕೊಂಡು ತಿರುಗುತ್ತಿದ್ದವನು ಇಂದು ನಾಲ್ಕು ತಾಲೂಕಿನ ಸಂಬಂಧ ಕೂಡಿಸುತ್ತಿದ್ದರೆ ಈ ಬಾಯಿಂದಲೇ.

ಮಧ್ಯಾಹ್ನ ಮೀನಾ ಬಂದು ಮೊಬೈಲು ಮುಂದೆ ಹಿಡಿದಳು. ಅವಳ ಹತ್ತನೆಯ ಕ್ಲಾಸಿನ ಪರೀಕ್ಷೆ ಮೊನ್ನೆ ಮುಗಿಯಿತು.

"ಅಪ್ಪಾ, ಮೂರು ಅದಾವ. ಸೂಟಿಯೊಳಗ ಸ್ಪ್ಯಾನಿಶ್ ಕಲಿಸೋ ಕ್ಯಾಂಪ್. ಒಂದು ಆರಿಸಿಕೊಡು."

"ಎಂಥಾ ಕ್ಯಾಂಪ್?"

"ಅಲ್ಲೇ ಇರೂದು. ಏಳೂದರಿಂದ ಮಲಗೂತನಕ ಅದ ಭಾಷಾ. ಉಳದದ್ದೆಲ್ಲಾ ಬಂದ್."

"ಇಂಗ್ಲಿಷ್ ಅಂದ್ರ ತಿಳೀತಿತ್ತು. ಸ್ಪ್ಯಾನಿಶ್ ಕಲ್ತು ಬೈಲಹೊಂಗಲದಾಗ ಯಾರ ಕೂಡ ಮಾತಾಡ್ತಿ?"

"ಯಾರ ಕೂಡನೂ ಇಲ್ಲ. ಅದಕ್ಕ."

ಇದ್ಯಾವ ಉತ್ತರ! ವರ್ಷದಿಂದ ಮೊಬೈಲಿನಲ್ಲಿ ತಾನೇ ಕಲಿಯುತ್ತಿದ್ದಾಳೆ, ಗೊತ್ತಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಏನೋ ಅಂದುಕೊಳ್ಳುತ್ತಿರುತ್ತಾಳೆ. ನಮ್ಮವ್ವ ಮಂತ್ರ ಅಂದುಕೊಂಡಿದ್ದಾಳೆ.

೯ ಏಪ್ರಿಲ್

ಮೂರೂ ಕಡೆ ಫೋನು ಹಚ್ಚಿದೆ. ಮೂರು ವರ ಅಂತಲೇ ಹಿಡಿದು ವಿಚಾರಣೆ. ಮೊದಲನೆಯದು ಆನ್‌ಲೈನ್ — ಮುಖ ತೋರಿಸದೆ ಮದುವೆಯಾಗುವ ಸಂಬಂಧ, ಬಿಟ್ಟೆ. ಎರಡನೆಯದು ಬೆಂಗಳೂರು. ಈಜುಕೊಳ, ಪಿಜ್ಜಾ, ಸರ್ಟಿಫಿಕೇಟು, ಟೀಶರ್ಟು. ಭಾಷೆಯ ಸುದ್ದಿ ಮಾತ್ರ ಕೊನೆಗೆ ಬಂತು. ಮೂರನೆಯದು ಪುಣೆ, ಒಂದು ತಿಂಗಳು. ಫೋನೆತ್ತಿದ ದುರ್ಗಾ ಮೇಡಂ ಹುಬ್ಬಳ್ಳಿ ಕಡೆಯವರು. ಹೊಗಳಲೇ ಇಲ್ಲ. "ಮೊದಲ್ನೇ ವಾರ ಅಳ್ತಾವ್ರಿ ಹುಡುಗರು," ಅಂದರು. ವರನ ಕುಂದು ತಾವೇ ಹೇಳುವ ಮನೆ ನೂರಕ್ಕೊಂದು.

ಹೆಂಡತಿ ಗಂಗಾಳ ಚಿಂತೆಯೇ ಬೇರೆ. "ಹೊಟ್ಟಿ ನೋವಾದ್ರ ಏನಂತ ಹೇಳ್ತಾಳ್ರಿ ಅಲ್ಲಿ?"

"ಹಿಡಕೊಂಡು ತೋರಸ್ತಾಳ."

"ನಿಮಗ ಎಲ್ಲಾ ಚ್ಯಾಷ್ಟಿ!"

೧೧ ಏಪ್ರಿಲ್. ಸವದತ್ತಿ

ಒಂದು ಸಂಬಂಧದ ಮಾತಿಗೆ ಬಂದವನು ಗೆಳೆಯ ಸಿದ್ಧಾರೂಢನ ಅಂಗಡಿಗೂ ಹೋದೆ. ಹೋದ ವರ್ಷ ಇವನ ಮಗ ಆ ಬೆಂಗಳೂರಿನ ಕ್ಯಾಂಪಿಗೆ ಹೋಗಿದ್ದ.

"ಏನ್ ಕಲ್ತಾ ಹುಡುಗ?"

"ಈಜ ಕಲ್ತಾ," ಅಂದ ಸಿದ್ಧಾರೂಢ. "ಸ್ಪ್ಯಾನಿಶ್ ಕೇಳಬ್ಯಾಡ ಮಾರಾಯಾ. ಅಲ್ಲಿದ್ದಾವರೆಲ್ಲಾ ಇಂಗ್ಲಿಷ್ ಬರೋ ಹುಡುಗರು. ಮಾಸ್ತರ ಆಚೆ ಹೋದ್ರ ಅದನ್ನ ಮಾತಾಡಿದ್ರಂತ."

ಬೆಂಗಳೂರಿನ ಹೆಸರಿಗೂ ಕಾಟು ಹೊಡೆದೆ. ಉಳಿದದ್ದು ಪುಣೆ. ಮನೆ ನೋಡದೆ ಹೆಣ್ಣು ಕಳಿಸುವ ರೂಢಿ ನಮ್ಮಲ್ಲಿಲ್ಲ. ಹೇಳದೆ ಹೋಗಬೇಕು, ಊಟದ ಹೊತ್ತಿಗೇ ಹೋಗಬೇಕು. ಬೈಠಕಿನ ಕುರ್ಚಿ ಸುಳ್ಳು ಹೇಳಬಹುದು, ಊಟದ ತಾಟು ಹೇಳುವುದಿಲ್ಲ.

೧೩ ಏಪ್ರಿಲ್, ರವಿವಾರ. ಪುಣೆ

ಹೋದೆ. ಏಪ್ರಿಲ್ ತಿಂಗಳ ಕ್ಯಾಂಪು ನಡೆದಿತ್ತು, ಮಕ್ಕಳು ಉಣ್ಣುತ್ತಿದ್ದರು. ದುರ್ಗಾ ಮೇಡಂ ನಕ್ಕರು. "ಮನಿ ನೋಡಾಕ ಬಂದೀರಲ್ಲಾ? ಬರ್ರಿ, ಕುಂದರ್ರಿ, ಊಟಾ ಮಾಡ್ರಿ."

ಬಚ್ಚಲು ನೋಡಿದೆ, ಸ್ವಚ್ಛ. ಹುಡುಗಿಯರ ಕೋಣೆಗೆ ಒಳಗಿಂದ ಚಿಲಕ, ಮಗ್ಗುಲಿಗೆ ಹೆಣ್ಣುಮಗಳ ಕಾವಲು. ಒಂದೇ ಕೋಣೆಯಲ್ಲಿ ಬೇರೆ ಬೇರೆ ರಾಜ್ಯದ ಮಕ್ಕಳು. ಬೇಕೆಂದೇ ಹೀಗೆ ಹಾಕಿದ್ದಾರೆ, ಕದ್ದು ಮಾತಾಡಲು ಭಾಷೆಯೇ ಸಿಗದಂತೆ. ಲೆಕ್ಕ ತಿಳಿದ ಜನ.

ಒಬ್ಬ ಹುಡುಗಿಗೆ ಸಾರು ಸಪ್ಪೆಯಾಗಿತ್ತು. ಉಪ್ಪಿನ ಡಬ್ಬಿ ಕೊಲಂಬಿಯಾ ದೇಶದ ಟೀಚರ್ ಮಗ್ಗುಲಲ್ಲಿ. ಹುಡುಗಿ ಬಾಯಿ ತೆರೆಯುತ್ತಾಳೆ, ಶಬ್ದ ಬರುವುದಿಲ್ಲ. ಬೆರಳು ಮಾಡಿದಳು. ಟೀಚರ್ ನಗುತ್ತ ಕಾಯುತ್ತಾಳೆ. ಮತ್ತೂ ಕಾಯುತ್ತಾಳೆ. ಸಾರು ಆರಿಹೋಯಿತು. ನನಗೆ ತಡೆಯಲಾಗಲಿಲ್ಲ. ಎದ್ದು ಡಬ್ಬಿ ತಂದು ಹುಡುಗಿಯ ಮುಂದಿಟ್ಟೆ.

ಹುಡುಗಿ ಉಪ್ಪು ಹಾಕಿಕೊಳ್ಳಲಿಲ್ಲ, ತಲೆ ತಗ್ಗಿಸಿದಳು.

"ಇನ್ನೊಂದು ಚೂರು ತಡದಿದ್ರ ಆಕೀನ ಕೇಳತಿದ್ಲ್ರಿ," ಅಂದರು ದುರ್ಗಾ ಮೇಡಂ. ಸಿಟ್ಟಿಲ್ಲ. ಬೇಸರ.

ಉಪ್ಪು ಕೊಟ್ಟರೂ ತಪ್ಪೇ? ಇರಲಿ. ಮನೆ ಚಲೋ ಇದೆ. ಪುಣೆಯೇ ಆಯಿತು.

೧೭ ಏಪ್ರಿಲ್

ಇವತ್ತು ವಿಡಿಯೋದಲ್ಲಿ ಮೀನಾಳ ಸಂದರ್ಶನ. ಹೊಸ ಚೂಡಿದಾರ ಹಾಕಿಸಿದೆ, ಕುರ್ಚಿಯಲ್ಲಿ ಕೂಡಿಸಿದೆ, ಮಗ್ಗುಲಿಗೆ ನಾನು ಕೂತೆ. ಅವ್ವ ಅವಲಕ್ಕಿ ತಾಟು ತಂದು ಫೋನಿನ ಮುಂದಿಟ್ಟಳು.

"ಯವ್ವಾ, ಅವರು ಪುಣ್ಯಾದಾಗ ಅದಾರ!"

"ಇರ್ಲಿ ಬಿಡು. ನೋಡಾಕ ಬಂದಾವ್ರಿಗೆ ಬರೇ ಮಾರಿ ತೋರಸ್ತಾರೇನೋ ಸುಭಾಸ್ಯಾ?"

ಮೇಡಂ ಕೇಳಿದರು: "ಮೀನಾ, ನಿನಗ ಸ್ಪ್ಯಾನಿಶ್ ಯಾಕ ಬೇಕು?"

"ಸಣ್ಣಾಕಿದ್ದಾಗಿಂದ ಭಾಷಾ ಅಂದ್ರ ಜೀವ್ರಿ ಈಕಿಗೆ," ಅಂದೆ.

"ಮನಿ ಬಿಟ್ಟು ಇರ್ತೀಯೇನು?"

"ಇರ್ತಾಳ್ರಿ. ಹೊಂದಿಕೊಂಡು ಹೋಗೂ ಸ್ವಭಾವ."

"ಮೀನಾ, ನಿನಗ ಸೇರದೇ ಇದ್ದದ್ದು ಏನರ ಐತಿ?"

"ಏನೂ ಇಲ್ರಿ. ಮನ್ಯಾಗ ಒಂದ ಮಾತು ಎದುರು ಆಡಿಲ್ಲ ನೋಡ್ರಿ."

ಚಲೋ ನಡೆದಿದೆ ಅಂದುಕೊಂಡೆ. ಎಷ್ಟು ಸಂಬಂಧ ಕೂಡಿಲ್ಲ ಇದೇ ಮಾತಿನಿಂದ! ಮೇಡಂ ಪೆನ್ನು ಕೆಳಗಿಟ್ಟು, "ಸುಭಾಸ ಅವರ, ನಿಮ್ಮ ಬಗ್ಗೆ ಎಲ್ಲಾ ತಿಳೀತ್ರಿ. ಮೀನಾನ ಬಗ್ಗೆ ಏನೂ ತಿಳೀಲಿಲ್ಲ. ಈಗ ಸೀಟು ಕೊಡಾಕ ಆಗೂದಿಲ್ಲ," ಅಂದರು.

ಫೋನು ಕಟ್. ಮೀನಾ ಎದ್ದು ಹೋದಳು. ಅವಲಕ್ಕಿ ಹಾಗೇ ಉಳಿಯಿತು.

೧೮ ಏಪ್ರಿಲ್

ಮೀನಾ ಊಟಕ್ಕೆ ಬಂದಳು, ಉಂಡಳು, ಹೋದಳು.

೨೨ ಏಪ್ರಿಲ್

ಸೀಟು ಎರಡೇ ಉಳಿದಿವೆ ಅಂತ ತಿಳಿಯಿತು. ಮೇಡಂಗೆ ಫೋನು ಹಚ್ಚಿ ಮಾತಾಡಿ ಸರಿಮಾಡುತ್ತೇನೆ ಅಂದೆ. ಮೀನಾ ಬಾಗಿಲಲ್ಲಿ ನಿಂತಿದ್ದಳು.

"ಬ್ಯಾಡ ಅಪ್ಪಾ."

"ಬೆಂಗಳೂರಿಂದ ಕರದಾರ. ಅಲ್ಲಿ ಸೀಟು ಐತಿ."

"ಪುಣ್ಯಾನ ಬೇಕು. ನಾ ಮೇಲ್ ಬರದೇನಿ. ಇನ್ನೊಮ್ಮೆ ಮಾತಾಡ್ಸಿ ಅಂತ ಕೇಳೇನಿ."

"ನನಗೊಂದು ಮಾತು ಹೇಳಿದ್ರ—"

"ಯಾವ ಭಾಷಾದಾಗ ಹೇಳ್ಲಿ? ಕನ್ನಡದಾಗ ನೀ ಹೇಳಿ ಮುಗಿಸಿರ್ತಿ. ಮರಾಠ್ಯಾಗ, ಹಿಂದ್ಯಾಗ ನೀನ. ಡಾಕ್ಟರ್ ನನ್ನ ಕೇಳಿದ್ರ ಕೆಮ್ಮು ಎಂಥದು ಅಂತ ನೀ ಹೇಳ್ತಿ! ಇದೊಂದು ಭಾಷಾ ನಿನಗ ಬರೂದಿಲ್ಲ ಅಂತ ಹಿಡದಿದ್ದೆ. ಈಗ ಅದು ನನಗ ಸೇರಾಕ ಹತ್ತೇತಿ."

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಒಂದಲ್ಲ, ನಾಲ್ಕು. ಒಂದನ್ನೂ ಆಡಲಿಲ್ಲ. ಆಡಿದ್ದರೆ ಆಕೆ ಹೇಳಿದ್ದು ಖರೆ ಆಗುತ್ತಿತ್ತು. ಆಡದಿದ್ದರೂ ಖರೆಯೇ.

ಗಂಗಾ ಒಳಗಿನಿಂದ ಕೇಳಿಸಿಕೊಂಡಳು. ಹೊರಗೆ ಬಂದು, "ನನಗ ಯಾವ ಭಾಷಾ ಕಲಸ್ತೀಯವಾ ಮೀನಾ?" ಅಂದಳು. ತಾಯಿ-ಮಗಳು ನಕ್ಕರು. ನಾನೂ ನಗಬೇಕಾಯಿತು.

೨೬ ಏಪ್ರಿಲ್, ಶನಿವಾರ. ಕಿತ್ತೂರು

ಹೆಣ್ಣು ತೋರಿಸುವ ಕಾರ್ಯ. ಹುಡುಗಿ ಶೈಲಜಾ, ಖಾಸಗಿ ಸಾಲಿಯಲ್ಲಿ ಟೀಚರು. ರಾಮದುರ್ಗದಿಂದ ಕಾಡಪ್ಪನವರು, ಮಗ, ಇನ್ನೊಂದು ಜೀಪು ತುಂಬ ಮಂದಿ. ಅದು ಇದು ಆದ ಮೇಲೆ ಕಾಡಪ್ಪನವರು, "ಲಗ್ನ ಆದ ಮ್ಯಾಲ ನೌಕ್ರಿ ಬಿಡ್ತಾಳಲ್ಲಾ?" ಅಂದರು. ಹುಡುಗಿಯ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು.

"ಬಿಡ್ತಾಳ್ರಿ" ಅಂತ ಫೋನಿನಲ್ಲಿ ಮೊದಲೇ ಹೇಳಿದ್ದೆ. ಹುಡುಗಿಯನ್ನು ಕೇಳಿರಲಿಲ್ಲ. ಬಾಯಿ ತೆರೆದೆ... ಮುಚ್ಚಿದೆ. ಫ್ಯಾನಿನ ಸಪ್ಪಳ. ಯಾರೋ ಕೆಮ್ಮಿದರು. ಇಷ್ಟು ಉದ್ದದ ಮೌನ ನನ್ನ ಧಂದೆಯಲ್ಲೇ ಕಂಡಿಲ್ಲ.

"ಯಾಕ ಸುಭಾಸಣ್ಣಾ, ಗಂಟಲಾ ಕಟ್ಟೇತೇನು?" ಕಾಡಪ್ಪನವರೇ ಕೇಳಿದರು.

"ಆಕೀನ ಕೇಳ್ರಿ," ಅಂದೆ.

ಶೈಲಜಾ ತಲೆ ಎತ್ತಿದಳು. "ಬಿಡೂದಿಲ್ರಿ. ಹುಡುಗರಿಗೆ ಕಲಿಸೂದು ನನಗ ಸೇರ್ತದ."

ಕಾಡಪ್ಪನವರ ಮೀಸೆ ಅಲುಗಿತು. ಅಲ್ಲಿಯತನಕ ಚಹಾದ ಬಟ್ಟಲನ್ನೇ ನೋಡುತ್ತ ಕೂತ ವರ ಮಾತ್ರ ಕಣ್ಣೆತ್ತಿ, "ಎಷ್ಟನೇ ಕ್ಲಾಸಿನ ಹುಡುಗ್ರಿಗ್ರಿ?" ಅಂತ ಕೇಳಿದ.

ಈ ಸಂಬಂಧ ಕೂಡುವುದೋ ಇಲ್ಲವೋ ಗೊತ್ತಿಲ್ಲ. ಕಾಡಪ್ಪನವರು ಹೋಗುವಾಗ ನನಗೆ ಬೆನ್ನು ತಿರುಗಿಸಿ ಜೀಪು ಹತ್ತಿದರು.

೨೯ ಏಪ್ರಿಲ್, ಸಂಜೆ

ಪುಣೆಯವರು ಇನ್ನೊಮ್ಮೆ ಕರೆದರು. ಮೀನಾ ಫೋನು ಹಿಡಿದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ನಾನೂ ಅವ್ವನೂ ಹೊರಗೆ ಕಟ್ಟೆಯ ಮೇಲೆ. ಕಿಟಕಿಯಿಂದ ಆಕೆಯ ದನಿ. ಮೊದಲು ಕನ್ನಡ, ಅದೂ ತಡೆತಡೆದು. ಎದ್ದು ಹೋಗಬೇಕೆನ್ನಿಸಿತು. ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಆಮೇಲೆ ಆ ಇನ್ನೊಂದು ಭಾಷೆ. ಅದೂ ತಡೆಯಿತು, ಮತ್ತೆ ಹೊರಟಿತು. ಒಮ್ಮೆ ನಕ್ಕಳು... ಇಷ್ಟು ದೊಡ್ಡ ನಗು ಈ ಮನೆಯಲ್ಲಿ ಕೇಳಿದ ನೆನಪಿಲ್ಲ.

"ಏನಂತಾಳೋ ತಮ್ಮಾ?" ಅವ್ವ.

"ಗೊತ್ತಿಲ್ಲವಾ."

"ನಿನಗ ಗೊತ್ತಿಲ್ಲಂದ್ರ?" ನನ್ನ ಹಣೆ ಮುಟ್ಟಿ ನೋಡಿದಳು.

೩೦ ಏಪ್ರಿಲ್

ಸೀಟು ಸಿಕ್ಕಿತು. ಮೆಸೇಜು ಬಂದದ್ದು ಮೀನಾಳ ಫೋನಿಗೆ. ಸುದ್ದಿ ಹೇಳಿದವಳೂ ಆಕೆಯೇ.

೪ ಮೇ, ರವಿವಾರ. ಪುಣೆ

ಬಿಟ್ಟು ಬಂದೆವು. ಗೇಟಿನೊಳಗೆ ಕನ್ನಡ ಬಂದ್. ರವಿವಾರಕ್ಕೊಮ್ಮೆ ಮಾತ್ರ ಮನೆಗೆ ಫೋನು, ಆಗ ಮನೆಯ ಭಾಷೆ ನಡೆಯುತ್ತದಂತೆ. ಗಂಗಾ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಳು. ನಾನು ಮಗ್ಗುಲಿನವನ ಜೊತೆ ಸೋಯಾಬೀನ್ ದರದ ಮಾತು ತೆಗೆದೆ. ಅರ್ಧಕ್ಕೇ ಸಾಕಾಯಿತು.

೭ ಮೇ

ಮನೆ ಬಹಳ ಸುಮ್ಮನಿದೆ. ಆಕೆ ಇದ್ದಾಗಲೂ ಮಾತಾಡುತ್ತಿರಲಿಲ್ಲವಲ್ಲ... ಮತ್ತೆ ಇದೇನು?

೧೧ ಮೇ, ರವಿವಾರ

ಫೋನು ಬಂತು. "ಅಪ್ಪಾ, ಸ್ಪೀಕರ್ ತಗಿ. ನಿನಗಷ್ಟ ಹೇಳೂದೈತಿ." ತೆಗೆದೆ, ಹಿತ್ತಲಿಗೆ ಹೋದೆ.

ಹೇಳಿದಳು. ನಡುವೆ ನಿಂತಳು, ಅತ್ತಳೇನೋ, ಮತ್ತೆ ಹೇಳಿದಳು. ನಾನು ಹೇಳು ಅನ್ನಲೂ ಇಲ್ಲ, ಅಳಬೇಡ ಅನ್ನಲೂ ಇಲ್ಲ. "ಹೂಂ" ಅಂದೆ, ಅಷ್ಟೇ. ಟೈಮು ಮುಗಿಯಿತು ಅಂದಳು. ಇಡುವ ಮೊದಲು, "ಅಪ್ಪಾ, ಅದೀಯಲ್ಲಾ?" ಅಂದಳು.

"ಅದೇನಿ. ಕೇಳಾಕ ಹತ್ತೇನಿ."

ಒಳಗೆ ಬಂದರೆ ಗಂಗಾ, ಅವ್ವ ಇಬ್ಬರೂ ದಾರಿಗೆ ಅಡ್ಡ. "ಏನಂದ್ಲ್ರಿ? ಅರಾಮ ಅದಾಳಿಲ್ಲೋ?"

"ಅರಾಮ ಅದಾಳ. ಉಳದದ್ದು ಮುಂದಿನ ರವಿವಾರ ನೀನ ಕೇಳು. ಹೇಳಬೇಕಂದ್ರ ಆಕೀನ ಹೇಳ್ತಾಳ."

ಗಂಗಾ ಬಾಯಿ ತೆರೆದುಕೊಂಡು ನಿಂತಳು.

ಯಾರೂ ಓದದ ಪುಸ್ತಕವಿದು, ಇಲ್ಲಿಯಾದರೂ ಬರೆದಿಡೋಣ ಅಂತ ಕೂತೆ. ಮೀನಾ ಹೇಳಿದ್ದೇನೆಂದರೆ— ಬೇಡ, ಅದು ಆಕೆಯ ಮಾತು; ಪೆನ್ನು ಮುಚ್ಚಿಟ್ಟೆ.