ಉಡಿಯೊಳಗಿನ ನುಚ್ಚು

ಅವ್ವಾ,

ನೀ ಮಣ್ಣಾದ ಮೇಲೂ ಗಿರಣಿ ಸುದ್ದಿ ಮೊದಲು ನಿನಗೇ ಹೇಳಬೇಕನ್ನಿಸ್ತದ. ಸಿಂಧನೂರಿಗೆ ಕಾಲುವೆ ನೀರು ಬಂದ ಮೇಲೆ ಎದ್ದ ಅಕ್ಕಿ ಗಿರಣಿ, ನೀ ಕಸಬರಿಗೆ ಹಿಡಿದು ಸವೆದ ಗಿರಣಿ. ಅಲ್ಲಿ ಇವತ್ತು ಪೇಡೆ ಹಂಚಿದರು. ಬೊಂಬಾಯಿಯಲ್ಲಿ ಗಿರಣಿ ಕಂಪನಿಯ ಷೇರು ಏರಿದೆಯಂತೆ.

ನಿನ್ನ ಗೆಳತಿ ಯಂಕಮ್ಮ ಮ್ಯಾನೇಜರನನ್ನು ಕೇಳಿಯೇಬಿಟ್ಟಳು: "ಷೇರು ಏರಿದ್ರ ನಮ್ಮ ಕೂಲೀನೂ ಏರ್ತದೇನ್ರೀ ಸಾಹೇಬ್ರ?"

"ಷೇರು ನಿಂದೇನಬೇ? ಪೇಡೆ ತಿನ್ನು."

"ಹೋದ ವರ್ಷ ಬಿದ್ದಾಗ ಮಾತ್ರ ನಮ್ಮದಿತ್ತೇನ್ರೀ? ಕೂಲಿ ಮುರಕೊಂಡ್ರಿ."

ಹೆಂಗಸರೆಲ್ಲ ನಕ್ಕರು. ಆ ನಗು ಸಂಜೆತನಕ ಉಳಿಯಲಿಲ್ಲ. ನೆಲಕ್ಕೆ ಚೆಲ್ಲಿದ ನುಚ್ಚು ಗುಡಿಸಿದವಳ ಉಡಿಗೆ ಅನ್ನೋ ರೂಢಿ ನಿನ್ನ ಕಾಲದಿಂದ ಇತ್ತಲ್ಲ, ಅದನ್ನೇ ತೆಗೆದರು. ಲಾಭ ಇನ್ನೂ ಏರಬೇಕು, ಒಂದು ಕಾಳೂ ಹೊರಗೆ ಹೋಗಬಾರದು ಅಂತ ಬೊಂಬಾಯಿಯ ಹುಕುಂ. ಗೇಟಿನಲ್ಲಿ ಒಬ್ಬೊಬ್ಬಳ ಉಡಿ ಬಿಚ್ಚಿಸಿ ಚೀಲಕ್ಕೆ ಸುರಿಸಿಕೊಂಡರು.

ಕೂಲಿಕಾರರ ಸಂಘದವನು ನಾನು, ಗೇಟಿನ ಹೊರಗೆ ನಿಂತು ಧಿಕ್ಕಾರ ಕೂಗಿದೆ. ಯಾರೂ ದನಿಗೂಡಿಸಲಿಲ್ಲ.

ಯಂಕಮ್ಮ ಹತ್ತಿರ ಬಂದಳು. "ಸುಮ್ನಿರೋ ಯಪ್ಪಾ. ನಾಳೆ ಒಳಗ ಬಿಡಲಿಲ್ಲಂದ್ರ ನೀ ಹಾಕ್ತೀಯೇನು ಕೂಳು?"

ಅವ್ವಾ, ನೀ ಉಡಿಯಲ್ಲಿ ತಂದ ನುಚ್ಚಿನ ಗಂಜಿ ಕುಡಿದೇ ಭಾಷಣ ಮಾಡುವಷ್ಟು ಬೆಳೆದವನು ನಾನು.

"ಸೊಸಿ ಎಸರಿಟ್ಟು ಕಾಯಾಕತ್ತಿರ್ತಾಳ" ಅಂದಳು. ತಿನ್ನದೆ ಉಳಿಸಿಕೊಂಡಿದ್ದ ಪೇಡೆಯನ್ನು ಖಾಲಿ ಉಡಿಗೆ ಕಟ್ಟಿಕೊಂಡು ಹೊರಟಳು.